ಕೋವಿಯ ನಳಿಗೆ ದೋಸೆ ಕಾವಲಿಯಲ್ಲ

ಕಳೆದ ಚಳಿಗಾಲದಲ್ಲಿ ನನ್ನ ತಮ್ಮನ ಮಗ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಹೊಸ ಕೇಪಿನ ಕೋವಿಯೊಂದನ್ನು (ಬಾಯಿಯಿಂದ ಮದ್ದು, ಚರೆ ತುಂಬಿ, ಕೇಪೆಂಬ ಸಣ್ಣ ಸಿಡಿಮದ್ದಿನ ಟೋಪಿಯಿಂದ ಹೊತ್ತಿಸುವ ಕೋವಿ) ತಂದು ಜಗಲಿಯಲ್ಲಿಟ್ಟು, "ದೊಡ್ಡಪ್ಪ, ಅಂಗಡಿಯವರು ಎಣ್ಣೆ ಹಾಕಿಯೇ ಕೊಟ್ಟಿದ್ದಾರೆ, ಇನ್ನು ಹೊಡೆಯುತ್ತ ಹೋದರೆ ಕಾವಲಿಯ ಹಾಗೆ ತಾನೇ ಪಳಗುತ್ತದಲ್ಲವೇ?" ಎಂದು ಕೇಳಿದ. ಶಿರಸಿ ಸೀಮೆಯ ತೋಟದ ಮನೆಗಳಲ್ಲಿ ಈ ನಂಬಿಕೆ ಹಳೆಯದು, ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಹೊಗೆಯೇಳುವವರೆಗೆ ಕಾಯಿಸಿದರೆ ಆ ಎಣ್ಣೆಯೇ ಗಟ್ಟಿಯಾಗಿ ಕಬ್ಬಿಣವನ್ನು ಹಿಡಿದುಕೊಂಡು ನಯವಾದ ಪದರವಾಗುತ್ತದೆ ಎಂಬುದು ನಿಜ. ಆದರೆ ನಳಿಗೆಯ ಒಳಗೆ ಅಂಥ ಪದರ ಕೂರುವುದಿಲ್ಲ, ಎಣ್ಣೆಯೂ ಮದ್ದಿನ ಮಸಿಯೂ ಕೂಡಿ ಡಾಂಬರಿನಂತೆ ಮೆತ್ತಿಕೊಳ್ಳುತ್ತವೆ, ಅದರ ಅಡಿಯಲ್ಲಿ ತುಕ್ಕು ಯಾರ ಕಣ್ಣಿಗೂ ಬೀಳದೆ ತನ್ನ ಕೆಲಸ ಮಾಡುತ್ತಿರುತ್ತದೆ.

ಯಾವ ಕೆಲಸಕ್ಕೂ ಮೊದಲು ಕೋವಿ ಖಾಲಿ ಇದೆಯೇ ಎಂದು ನೋಡಬೇಕು, ಹೊಸದಾದರೂ ಸರಿಯೇ. ಬುಡ ಮುಚ್ಚಿರುವ ನಳಿಗೆಯಲ್ಲಿ ಇಣುಕಿದರೆ ಏನೂ ತಿಳಿಯುವುದಿಲ್ಲ, ಇಣುಕಲೂಬಾರದು. ಕೇಪು ಇಲ್ಲವೆಂದು ಖಚಿತಪಡಿಸಿಕೊಂಡು, ಗಜವನ್ನು, ಎಂದರೆ ಮದ್ದು ತುಂಬಿ ಒತ್ತುವ ಉದ್ದ ಕೋಲನ್ನು, ನಳಿಗೆಯೊಳಗೆ ಬುಡದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಬೆರಳು ಹಿಡಿದು ಹೊರತೆಗೆದು, ಅದೇ ಅಳತೆಯನ್ನು ನಳಿಗೆಯ ಹೊರಮೈಗೆ ಹಿಡಿದು ನೋಡಿದರೆ, ಗಜದ ತುದಿ ಕೇಪು ಕೂರಿಸುವ ನಿಪ್ಪಲ್ಲಿನ ಹತ್ತಿರಕ್ಕೆ ಬರಬೇಕು. ಎರಡು ಮೂರು ಬೆರಳಿನಷ್ಟು ಮೊದಲೇ ನಿಂತರೆ ಒಳಗೆ ಈಡು, ಎಂದರೆ ತುಂಬಿದ ಮದ್ದು ಚರೆ, ಇದೆ ಎಂದೇ ತಿಳಿಯಬೇಕು. ಖಾಲಿ ನಳಿಗೆಯ ಅಳತೆಯನ್ನು ಗಜದ ಮೇಲೆ ಚಾಕುವಿನಿಂದ ಗೀರಿಟ್ಟುಕೊಂಡರೆ ಮನೆಯ ಯಾರು ಬೇಕಾದರೂ ಒಂದು ಗಳಿಗೆಯಲ್ಲಿ ಪರೀಕ್ಷಿಸಬಹುದು.

ಕಾರ್ಖಾನೆಯ ದಪ್ಪ ಗ್ರೀಸು ತುಕ್ಕು ಹಿಡಿಯದಿರಲೆಂದು ಹಾಕಿದ್ದು, ಹೊಡೆಯುವುದಕ್ಕೆ ಹಾಕಿದ್ದಲ್ಲ. ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ಚೂರಿನಿಂದ ಅಂಗಳದಲ್ಲಿ ಕುಳಿತು ತೆಗೆಯಬೇಕು, ಬಚ್ಚಲ ಒಲೆಯ ಹತ್ತಿರ ಖಂಡಿತ ಬೇಡ. ಅರಿವೆಗೆ ಹಳೆಯ ಹತ್ತಿ ಪಂಚೆಯಷ್ಟು ಒಳ್ಳೆಯದು ಬೇರೆ ಇಲ್ಲ. ನೈಲಾನ್, ಟೆರಿಕಾಟ್ ಬಟ್ಟೆಗಳು ನೀರನ್ನೂ ಮಸಿಯನ್ನೂ ಹೀರುವುದಿಲ್ಲ.

ಗ್ರೀಸು ಹೋದ ಮೇಲೆ ಬಿಗಿಯಾದ ಒಣ ಅರಿವೆಯನ್ನು ಗಜಕ್ಕೆ ಸುತ್ತಿ ಮೆಲ್ಲಗೆ ಇಳಿಸಿದರೆ ನಳಿಗೆಯ ಗುಣ ಕೈಗೇ ತಿಳಿಯುತ್ತದೆ. ತಮ್ಮನ ಮಗನ ಕೋವಿಯಲ್ಲಿ ಬಾಯಿಯಿಂದ ಸುಮಾರು ಒಂದು ಗೇಣು ಕೆಳಗೆ ಅರಿವೆ ಪ್ರತಿ ಸಲವೂ ತಡೆಯುತ್ತಿತ್ತು, ಹೊರತೆಗೆದಾಗ ಒಂದು ಪಕ್ಕದ ನೂಲು ಎಳೆಎಳೆಯಾಗಿ ಎದ್ದಿತ್ತು. ಅದು ಕೊರೆಯುವ ಯಂತ್ರ ಬಿಟ್ಟುಹೋದ ಗೀರು. ಗುರಿ ಹೊಡೆಯುವ ಸ್ಪರ್ಧೆಗೆ ಬಾಯಿಂದ ತುಂಬುವ ರೈಫಲ್ ಬಳಸುವ ದೇಶಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಆ ನಳಿಗೆಗಳ ಒಳಗೆ ಸುರುಳಿ ಗೆರೆಗಳಿರುತ್ತವೆ. ಹೊಸ ಗೆರೆಯ ಅಂಚು ಚೂಪಾಗಿದ್ದರೆ ಗುಂಡಿಗೆ ಸುತ್ತಿದ ಅರಿವೆಯನ್ನೇ ಕತ್ತರಿಸಿ ಗುರಿ ಕೆಡಿಸುತ್ತದೆ. ಅವರು ಹೊಡೆದ ಮೇಲೆ ನೆಲದ ಮೇಲೆ ಬಿದ್ದ ಅರಿವೆಯನ್ನು ಹುಡುಕಿ ತಂದು, ಅದು ಹರಿದಿದೆಯೋ ಇಡಿಯಾಗಿದೆಯೋ ಎಂದು ನೋಡಿ ನಳಿಗೆ ಎಷ್ಟು ಪಳಗಿತು ಎಂಬುದನ್ನು ಅಳೆಯುತ್ತಾರೆ. ನಮ್ಮ ಬೆಳೆ ರಕ್ಷಣೆಯ ಕೋವಿಗಳ ಒಳಮೈಯಲ್ಲಿ ಅಂಥ ಗೆರೆಗಳಿಲ್ಲ, ಚರೆ ಹೊಡೆಯುವ ನುಣುಪು ನಳಿಗೆಗಳವು; ಆದ್ದರಿಂದ ನಮ್ಮ ಕೆಲಸ ಅಷ್ಟರಮಟ್ಟಿಗೆ ಹಗುರ.

ಉಜ್ಜಲು ಅತಿ ನಯವಾದ, ನಾಲ್ಕು ಸೊನ್ನೆಯ (0000) ಸ್ಟೀಲ್ ವೂಲ್, ಎಂದರೆ ಉಕ್ಕಿನ ನಾರು, ಸಾಕು. ಅದನ್ನು ಮರದ ಗಜಕ್ಕೆ ಬಿಗಿಯಾಗಿ ಸುತ್ತಿ, ತೆಳು ಎಣ್ಣೆಯಲ್ಲಿ ನೆನೆಸಿ, ಬುಡದಿಂದ ಬಾಯಿಯವರೆಗೆ ಒಂದೇ ಸಮನೆ ಎಳೆದು ಒತ್ತಬೇಕು. ತಡೆಯುವ ಜಾಗದಲ್ಲೇ ನಿಂತು ತಿಕ್ಕಿದರೆ ಅಲ್ಲಿ ನಳಿಗೆ ಅಗಲವಾಗುತ್ತದೆ, ಅದನ್ನು ಮತ್ತೆ ಸರಿಮಾಡುವ ಉಪಾಯವಿಲ್ಲ. ನಲವತ್ತೈವತ್ತು ಎಳೆತಕ್ಕೆ ನಿಲ್ಲಿಸಿ, ಒರೆಸಿ, ಮತ್ತೆ ಒಣ ಅರಿವೆ ಇಳಿಸಿ ನೋಡಬೇಕು. ಗಜ ಬಾಯಿಯ ಅಂಚಿಗೆ ಒರೆಯದಂತೆ ಎಡಗೈ ಬೆರಳುಗಳಿಂದ ಅದನ್ನು ನಡುವಿನಲ್ಲಿ ಹಿಡಿದಿರಬೇಕು, ಏಕೆಂದರೆ ಈಡು ಕೊನೆಯದಾಗಿ ಮುಟ್ಟುವುದು ಆ ಅಂಚನ್ನು. ಉಪ್ಪುಕಾಗದ ಹಾಕುವುದು, ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುವುದು, ಪಾತ್ರೆ ಬೆಳಗುವ ಬೂದಿ ತುಂಬುವುದು, ಇವೆಲ್ಲ ಕನ್ನಡಿಯ ಹೊಳಪಿನ ಆಸೆಗೆ ನಳಿಗೆ ಕಳೆದುಕೊಳ್ಳುವ ದಾರಿಗಳು. ಹೊಳಪು ಬೇಕಾಗಿಲ್ಲ, ಅರಿವೆ ತಡೆಯದೆ ಇಳಿದರೆ ಸಾಕು. ಕೈಯಿಂದ ಹೋಗದ ಆಳದ ಗೀರಿದ್ದರೆ ಪರವಾನಗಿ ಇರುವ ದುರಸ್ತಿಗಾರರಿಗೇ ಒಪ್ಪಿಸಬೇಕು; 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ದುರಸ್ತಿಯ ಕಸುಬಿಗೂ ಪರವಾನಗಿ ಬೇಕು, ಬಾಯಿಯ ಅಂಚು ಕೆಟ್ಟಿತೆಂದು ಮನೆಯಲ್ಲೇ ನಳಿಗೆ ಕತ್ತರಿಸಿ ಗಿಡ್ಡ ಮಾಡುವುದಂತೂ ಅಪರಾಧ.

ಈಗ ತೊಳೆಯುವ ಮಾತು. ನನ್ನ ಲೆಕ್ಕದಲ್ಲಿ ಉಜ್ಜುವುದು ಒಂದು ದಿನದ ಕೆಲಸ, ತೊಳೆಯುವುದು ಕೋವಿ ಇರುವಷ್ಟು ಕಾಲದ ಕೆಲಸ. ಕಪ್ಪು ಮದ್ದಿನಲ್ಲಿ ಪೆಟ್ಲುಪ್ಪು ಸುಮಾರು ನೂರಕ್ಕೆ 75 ಭಾಗ, ಇದ್ದಿಲು 15, ಗಂಧಕ 10. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಮಸಿಯಾಗಿ, ಹೊಗೆಯಾಗಿ ಉಳಿಯುತ್ತದೆ. ಆ ಮಸಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಅವು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಹೊಡೆದು ಬಂದು ಎಣ್ಣೆ ಸವರಿ ಗೋಡೆಗೆ ತೂಗುಹಾಕುವವರು ಉಪ್ಪಿನ ಮೇಲೆ ಎಣ್ಣೆ ಮುಚ್ಚಿಟ್ಟಂತೆಯೇ.

ತೊಳೆಯುವುದಕ್ಕೆ ನಮ್ಮ ಬಚ್ಚಲಮನೆಯ ಹಂಡೆ ಇದ್ದೇ ಇದೆ. ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ, ನಿಪ್ಪಲ್ಲನ್ನು ಅದರದೇ ಕೀಲಿಯಿಂದ ತಿರುಗಿಸಿ ತೆಗೆದು, ಬುಡವನ್ನು ಬಾಲ್ದಿಯ ಬಿಸಿನೀರಿನಲ್ಲಿ ಅದ್ದಿ, ಗಜಕ್ಕೆ ಸುತ್ತಿದ ಅರಿವೆಯನ್ನು ಮೇಲಕ್ಕೆಳೆದರೆ ನಿಪ್ಪಲ್ಲಿನ ತೂತಿನಿಂದ ನೀರು ಒಳಗೆ ಏರುತ್ತದೆ, ಒತ್ತಿದರೆ ಮಸಿನೀರು ಹೊರಗೆ ಚಿಮ್ಮುತ್ತದೆ, ಥೇಟು ಹೋಳಿಯ ಪಿಚಕಾರಿಯಂತೆ. ಮೊದಲ ನೀರು ಕಪ್ಪು, ಕೊಳೆತ ಮೊಟ್ಟೆಯ ನಾತ, ಎರಡನೆಯದು ಬೂದು, ಮೂರನೆಯದು ತಿಳಿಯಾಗಬೇಕು. ಒಂದೆರಡು ಹನಿ ಪಾತ್ರೆ ತೊಳೆಯುವ ಸಾಬೂನು ಸಾಕು, ಹಿಂದೆ ನಾವು ಅಂಟವಾಳದ ನೊರೆ ಬಳಸುತ್ತಿದ್ದೆವು. ನೀರು ಕೊತಕೊತ ಕುದಿಯುತ್ತಿರಬಾರದು: ಕಬ್ಬಿಣ ಅಷ್ಟು ಕಾದರೆ ಒರೆಸುವುದರೊಳಗೆ ಒಳಮೈಯಲ್ಲಿ ಕೆಂಪು ಪುಡಿ ಏಳುತ್ತದೆ. ಕೈ ತಾಳುವ ಬಿಸಿ ಸಾಕು, ಆಮೇಲೆ ಅರಿವೆ ಒಣಗಿಯೇ ಹೊರಬರುವವರೆಗೆ ಒರೆಸಬೇಕು.

ಎಣ್ಣೆಯ ವಿಷಯದಲ್ಲಿ ಮನೆಮನೆಗೂ ಒಂದು ಮತ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರಿನ ಬೆಳಿಗ್ಗೆ ನಮ್ಮಲ್ಲಿ ಬಾಟಲಿಯಿಂದ ಹೊರಗೇ ಬರುವುದಿಲ್ಲ. ಜೊತೆಗೆ ತಿಂಗಳುಗಟ್ಟಲೆ ಇಟ್ಟರೆ ಕಮಟು ಹಿಡಿದು ಅಂಟಾಗುತ್ತದೆ. ಹೊಡೆಯುವ ದಿನ ಅರಿವೆಗೆ ಸವರಲು ಅದು ಅಥವಾ ಜೇನುಮೇಣ ಬೆರೆಸಿದ ಎಣ್ಣೆ ಒಳ್ಳೆಯದು, ಮಸಿಯನ್ನು ಮೆತ್ತಗಿಡುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಮಾತ್ರ ಕೋವಿಯ ಖನಿಜ ಎಣ್ಣೆಯೇ ಬೇಕು, ಹೊಡೆಯುವ ಮೊದಲು ಅದನ್ನು ಪೂರ್ತಿ ಒರೆಸಿ ತೆಗೆಯಲೂ ಬೇಕು.

ಮೊದಲ ಈಡುಗಳನ್ನು ಅವಸರದಲ್ಲಿ ಹೊಡೆಯಬಾರದು. ಮದ್ದು ಹಾಕುವ ಮೊದಲು ಬರೀ ಕೇಪೊಂದನ್ನು ಕೂರಿಸಿ, ನಳಿಗೆಯ ಬಾಯನ್ನು ನೆಲದ ಒಣ ದರಕಿನ (ಉದುರಿದ ಎಲೆಗಳ) ಹತ್ತಿರ ಹಿಡಿದು ಹೊಡೆದರೆ, ದಾರಿ ತೆರೆದಿದ್ದಾಗ ದರಕು ಅಲುಗುತ್ತದೆ. ಅಲುಗದಿದ್ದರೆ ಬುಡದಲ್ಲಿ ಎಣ್ಣೆ ನಿಂತಿದೆ ಎಂದರ್ಥ. ಮದ್ದಿನ ಪ್ರಮಾಣ ತಯಾರಕರು ಹೇಳಿದ್ದಕ್ಕಿಂತ ಮೀರಬಾರದು, ಮದ್ದನ್ನು ಡಬ್ಬದಿಂದ ನೇರವಾಗಿ ನಳಿಗೆಗೆ ಸುರಿಯಲೂಬಾರದು. ಒಳಗೆ ಕೆಂಡದ ಕಿಡಿ ಉಳಿದಿದ್ದರೆ ಡಬ್ಬವೇ ಕೈಯಲ್ಲಿ ಸಿಡಿಯುತ್ತದೆ. ಮೊದಲ ಹತ್ತು ಈಡುಗಳಲ್ಲಿ ಒಂದೊಂದರ ನಂತರವೂ ಒದ್ದೆ ಅರಿವೆ ಒಂದು, ಒಣ ಅರಿವೆ ಒಂದು ಇಳಿಸಬೇಕು. ಹಂದಿ, ಮಂಗ ಓಡಿಸಲು ಸದ್ದೇ ಸಾಕಾಗುವ ಕಾರಣ, ಈ ಪಳಗಿಸುವಿಕೆಯನ್ನು ಒಂದು ಹಂಗಾಮಿನುದ್ದಕ್ಕೂ ಹಂಚಿಕೊಳ್ಳಬಹುದು.

ಎತ್ತಿಡುವುದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. 2024ರ ಲೋಕಸಭಾ ಚುನಾವಣೆಯ ನಿಮಿತ್ತ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸುವಾಗ ಎಣ್ಣೆಯನ್ನು ಧಾರಾಳವಾಗಿ ಸುರಿದು, ಬಾಯಿ ಮೇಲಾಗಿಯೇ ನಿಲ್ಲಿಸಿ ಬಂದಿದ್ದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತಂದು ನೋಡಿದರೆ ಎಣ್ಣೆಯೆಲ್ಲ ಬುಡಕ್ಕಿಳಿದು ನಿಪ್ಪಲ್ಲು ಕಟ್ಟಿಕೊಂಡಿತ್ತು, ಮೇಲಿನ ಅರ್ಧ ನಳಿಗೆ ಒಣಗಿ ತುಕ್ಕು ಹಿಡಿದಿತ್ತು. ಅಂದಿನಿಂದ ಎಣ್ಣೆಯನ್ನು ತೆಳ್ಳಗೆ ಸವರಿ, ಮೊದಲ ಎರಡು ದಿನ ಬಾಯಿ ಕೆಳಗಾಗಿ ನಿಲ್ಲಿಸುತ್ತೇನೆ. ಕಾರವಾರದ ಕಡಲ ಬದಿಯ ನೆಂಟರ ಮನೆಯಲ್ಲಿ ಉಪ್ಪುಗಾಳಿಗೆ ಹೆದರಿ ಕೋವಿಯನ್ನು ದಪ್ಪ ಸ್ಪಂಜಿನ ಚೀಲದಲ್ಲಿ ಕಟ್ಟಿಡುತ್ತಿದ್ದರು. ಸ್ಪಂಜು ತೇವ ಹಿಡಿದು ಚೀಲದೊಳಗೇ ತುಕ್ಕು ಬಂತು. ಗಾಳಿಯಾಡುವ, ಬೀಗವಿರುವ ಮರದ ಕಪಾಟು ಒಳ್ಳೆಯದು.

ತೊಳೆದ ಮರುದಿನ ಒಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಳಿ ಅರಿವೆಯನ್ನು ಒಳಗಿಳಿಸಿ ತೆಗೆಯಬೇಕು. ಬೂದು ಬಣ್ಣ ಬಂದರೆ ಚಿಂತೆಯಿಲ್ಲ. ಕಾಫಿ ಡಿಕಾಕ್ಷನ್ನಿನ ಬಣ್ಣ ಬಂದರೆ ಆ ದಿನವೇ ಹಂಡೆಗೆ ಉರಿ ಹಾಕಿ, ಎಣ್ಣೆಯಿಂದಲ್ಲ, ನೀರಿನಿಂದ ಮತ್ತೆ ಶುರುಮಾಡಬೇಕು.