ಕಲ್ಲಿನ ಕೊಡಲಿಗೆ ಏಸಿ ಬೇಕೆ? ಬಿಸಿಲೂರಿನ ವಸ್ತುಸಂಗ್ರಹಾಲಯದ ಇಂಗಾಲ ತಗ್ಗಿಸುವ ಬಗೆ

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೊರಟರೆ ಸಿಗುವ ಕುಡಿತಿನಿಯಲ್ಲಿ ಎರಡು ಕಾಲದ ಬೂದಿ ಇದೆ. ಒಂದು, ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬದ್ದು. ಇನ್ನೊಂದು, ಅಲ್ಲಿಯ 1,700 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವು ಕಲ್ಲಿದ್ದಲು ಸುಟ್ಟು ಹೊರಹಾಕುವ ಹಾರುಬೂದಿ. ಮೊದಲನೆಯದರ ಕಥೆ ಹೇಳುವ ಸಂಗ್ರಹಾಲಯವೊಂದು ಎರಡನೆಯದಕ್ಕೆ ಸೇರಿಸುವ ಪಾಲನ್ನು ಹೇಗೆ ಕಡಿಮೆ ಮಾಡಿಕೊಳ್ಳಬಹುದು ಎಂಬುದನ್ನು ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಊರುಗಳ ಸಣ್ಣ ಸಂಗ್ರಹಾಲಯಗಳ ಉಸ್ತುವಾರಿ ಹೊತ್ತವರಿಗಾಗಿ ಇಲ್ಲಿ ವಿವರಿಸಿದೆ.

ಮೊದಲು ಲೆಕ್ಕ ಹಾಕಬೇಕು. ಹಿಂದಿನ ಹನ್ನೆರಡು ತಿಂಗಳ ಜೆಸ್ಕಾಂ ವಿದ್ಯುತ್ ಬಿಲ್ಲುಗಳು, ಜನರೇಟರಿನ ಡೀಸೆಲ್ ರಸೀದಿಗಳು ಮತ್ತು ಏಸಿ ದುರಸ್ತಿಯ ಬಿಲ್ಲುಗಳನ್ನು ಒಂದೆಡೆ ಜೋಡಿಸಿಕೊಳ್ಳಿ. ಪ್ರತಿ ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ, ಪ್ರತಿ ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬಹುದು. ದುರಸ್ತಿಯ ಬಿಲ್ಲನ್ನು ಸಾಮಾನ್ಯವಾಗಿ ಯಾರೂ ಈ ಲೆಕ್ಕಕ್ಕೆ ತರುವುದಿಲ್ಲ. ಬೆಚ್ಚಿಬೀಳಿಸುವ ಅಂಕಿ ಇರುವುದು ಮಾತ್ರ ಅಲ್ಲಿಯೇ. ಅನೇಕ ಏಸಿಗಳಲ್ಲಿರುವ ಆರ್-410ಎ ಎಂಬ ತಂಪುಕಾರಕ ಅನಿಲ ಒಂದು ಕಿಲೋ ಸೋರಿದರೆ ಅದು ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ, ಅಂದರೆ ಸುಮಾರು ಮೂರು ಸಾವಿರ ಯೂನಿಟ್ ವಿದ್ಯುತ್ ಬಳಕೆಗೆ ಸಮ. ‘ಗ್ಯಾಸ್ ತುಂಬಿಸಿದೆ’ ಎಂಬ ಸಾಲು ಪ್ರತಿ ಬೇಸಿಗೆಯ ಬಿಲ್ಲಿನಲ್ಲೂ ಕಾಣಿಸಿದರೆ ಕೊಳವೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕಿ ಮುಚ್ಚಿಸದ ಹೊರತು ಮತ್ತೆ ತುಂಬಿಸಲು ಒಪ್ಪಬೇಡಿ.

ಲೆಕ್ಕ ಮುಗಿದ ಮೇಲೆ ಯಾವ ವಸ್ತುವಿಗೆ ಎಷ್ಟು ತಂಪು ಬೇಕೆಂದು ವಿಂಗಡಿಸಬೇಕು. ಹೆಚ್ಚು ಉಳಿತಾಯವಾಗುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಸಂಗನಕಲ್ಲಿನ ಗುಡ್ಡಗಳಲ್ಲಿ ಡೋಲರೈಟ್ ಶಿಲೆಯಿಂದ ಮಾಡಿದ ಕೊಡಲಿಗಳು ಸಾವಿರಾರು ವರ್ಷ ಬಳ್ಳಾರಿಯ ಬಿಸಿಲುಂಡೇ ನಮ್ಮ ಕೈಸೇರಿವೆ. ಅವುಗಳಿಗೆ ಏಸಿಯ ಹಂಗಿಲ್ಲ. ಉಪ್ಪು ಹಿಡಿದ ಶಿಲ್ಪಗಳನ್ನು ಬಿಟ್ಟರೆ ಕಲ್ಲು ಮತ್ತು ಮಡಕೆಚೂರುಗಳ ವಿಭಾಗಕ್ಕೆ ಫ್ಯಾನು, ಗಾಳಿಯಾಡುವ ಕಿಟಕಿ, ಧೂಳು ತಡೆಯುವ ಜಾಲರಿ ಸಾಕು. ತಾಳೆಗರಿ, ಬಟ್ಟೆ, ಕಿನ್ನಾಳದ ಬಣ್ಣದ ಮರದ ಗೊಂಬೆಗಳ ವಿಷಯ ಬೇರೆ. ಅವನ್ನೆಲ್ಲ ಕಟ್ಟಡದ ಒಳಭಾಗದ, ಪಶ್ಚಿಮದ ಗೋಡೆಯಿಲ್ಲದ ಒಂದೇ ಕೋಣೆಗೆ ಸೇರಿಸಿ, ಅದೊಂದಕ್ಕೆ ಮಾತ್ರ ಏಸಿ ಇಡುವುದು ಜಾಣತನ. ಉಷ್ಣಾಂಶ 20 ಡಿಗ್ರಿ, ತೇವಾಂಶ ಶೇ 50 ಎಂಬ ಬಿಗಿ ನಿಯಮವನ್ನು ಜಗತ್ತಿನ ದೊಡ್ಡ ಸಂಗ್ರಹಾಲಯಗಳೇ ಸಡಿಲಿಸಿವೆ. 2014ರಲ್ಲಿ ಸಂರಕ್ಷಣಾ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಗಳು ಹೊರಡಿಸಿದ ಘೋಷಣೆಯು ಮಾನದಂಡಗಳು ಆಯಾ ಊರಿನ ಹವಾಮಾನದಲ್ಲಿ ಸಾಧಿಸಬಹುದಾದಂಥವು ಆಗಿರಬೇಕು ಎಂದು ಹೇಳಿತು. ಮರ ಬಿರಿಯುವುದು, ಬಣ್ಣದ ಪದರ ಏಳುವುದು ಹೆಚ್ಚಾಗಿ ತೇವಾಂಶ ಸರಕ್ಕನೆ ಏರಿಳಿಯುವುದರಿಂದ. ಆದ್ದರಿಂದ ಹಗಲು 18 ಡಿಗ್ರಿಗೆ ಇಳಿಸಿ ಸಂಜೆ ಬೀಗ ಹಾಕುವಾಗ ಏಸಿ ಆರಿಸಿಹೋಗುವ ರೂಢಿಗಿಂತ 25ರ ಆಸುಪಾಸಿನಲ್ಲಿ ಒಂದೇ ಹದ ಕಾಯುವುದು ವಸ್ತುವಿಗೂ ಬಿಲ್ಲಿಗೂ ಒಳ್ಳೆಯದು.

ಕಬ್ಬಿಣದ ಕತ್ತಿ, ತಾಮ್ರದ ನಾಣ್ಯಗಳನ್ನು ಬಿಗಿಯಾಗಿ ಮುಚ್ಚುವ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ತೇವ ಹೀರುವ ಹರಳುಗಳಾದ ಸಿಲಿಕಾ ಜೆಲ್‌ನ ತಟ್ಟೆ ಇಡಿ. ಹರಳುಗಳ ಬಣ್ಣ ಬದಲಾದಾಗ ಒಲೆಯಲ್ಲಿ ಹದವಾಗಿ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತವೆ. ಹೀಗೆ ಒಂದು ಕೋಣೆಯನ್ನು ಒಣಗಿಸುವ ಬದಲು ಒಂದು ಪೆಟ್ಟಿಗೆಯನ್ನು ಒಣಗಿಸಿದಂತಾಗುತ್ತದೆ. ನಮ್ಮ ಕಡೆ ಮನೆಮನೆಗೂ ಇರುವ ಏರ್ ಕೂಲರನ್ನು ಟಿಕೆಟ್ ಕೊಡುವ ಪಡಸಾಲೆಯಲ್ಲಿಡಬಹುದು, ಆದರೆ ಅದು ಗಾಳಿಗೆ ನೀರು ಸೇರಿಸುವುದರಿಂದ ಲೋಹದ ಹತ್ತಿರ ತರಬಾರದು.

ಇನ್ನು ಛಾವಣಿ. ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆಗೆ ಏಣಿ ಹಾಕಿ ಮೇಲಿನ ಮಹಡಿಯ ಆರ್‌ಸಿಸಿ ಸ್ಲ್ಯಾಬಿನ ಒಳಮೈಯನ್ನು ಮುಟ್ಟಿ ನೋಡಿ, ಈಗ ತಾನೇ ರೊಟ್ಟಿ ಬೇಯಿಸಿ ಇಳಿಸಿದ ಹೆಂಚಿನಂತೆ ಅದು ರಾತ್ರಿಯವರೆಗೂ ಕಾವು ಬಿಡುತ್ತಲೇ ಇರುತ್ತದೆ. ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳು ದಪ್ಪದಿಂದಲೇ ಆ ಕಾವನ್ನು ತಡೆಯುತ್ತಿದ್ದವು. ಸ್ಲ್ಯಾಬಿನ ಮೇಲೆ ಬಿಸಿಲನ್ನು ಹಿಂದಕ್ಕೆ ಚೆಲ್ಲುವ ಬಿಳಿ ಬಣ್ಣವನ್ನೋ, ಹಣವಿಲ್ಲದಿದ್ದರೆ ಬರೀ ಸುಣ್ಣವನ್ನೋ ಬಳಿಸಿ, ಪಶ್ಚಿಮದ ಕಿಟಕಿಗಳಿಗೆ ಹೊರಗಡೆಯಿಂದ ನೆರಳು ಮಾಡಿಸಿ. ಕೋಟೆಯಂಥ ಸಂರಕ್ಷಿತ ಸ್ಮಾರಕದೊಳಗೆ ಸಂಗ್ರಹಾಲಯವಿದ್ದರೆ ಪುರಾತತ್ವ ಇಲಾಖೆಯ ಅನುಮತಿ ಪಡೆಯದೆ ಕುಂಚ ಮುಟ್ಟುವಂತಿಲ್ಲ.

ದೀಪಗಳನ್ನು ಎಲ್‌ಇಡಿಗೆ ಬದಲಿಸಿ; ಬಟ್ಟೆ ಮತ್ತು ತಾಳೆಗರಿಗೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕು ಸಾಕು. ಪ್ರದರ್ಶನ ಮುಗಿದ ಮೇಲೆ ಎಸೆಯುವ ಫ್ಲೆಕ್ಸ್ ಬದಲು ಬಟ್ಟೆಯ ಮೇಲೆ ಬರೆಸಿ.

ಎಲ್ಲರೂ ಮೊದಲು ಕೇಳುವ ಸೌರಫಲಕವನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಬಳಕೆ ತಗ್ಗಿಸುವ ಮೊದಲೇ ಫಲಕ ಹಾಕಿಸಿದರೆ ವ್ಯರ್ಥವಾಗುವ ತಂಪಿಗೂ ಸೇರಿಸಿ ಫಲಕ ಕೊಂಡಂತಾಗುತ್ತದೆ. ಒಂದು ಕಿಲೋವ್ಯಾಟಿಗೆ ಸುಮಾರು ಹತ್ತು ಚದರ ಮೀಟರ್ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. ಆದರೆ ಗಣಿ ಲಾರಿಗಳು ಓಡಾಡುವ ದಾರಿಯ ಪಕ್ಕದಲ್ಲಿ ಕೆಂಧೂಳು ಕೂತ ಫಲಕ ಅಷ್ಟು ಕೊಡುವುದಿಲ್ಲ. ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಅದನ್ನು ಒರೆಸುವ ಕೆಲಸ ಯಾರದೆಂದು ಗುತ್ತಿಗೆಯ ಕರಾರಿನಲ್ಲಿಯೇ ಬರೆಸಿಕೊಳ್ಳಿ.