ರೊಟ್ಟಿ ಹೊತ್ತ ಎರಡು ಸ್ಪ್ಲೆಂಡರ್: ಹಳೇದು, ಹೊಸದು, ನನ್ನ ಲೆಕ್ಕ

ನಮ್ಮ ಮನೆ ಮುಂದೆ ಎರಡು ಸ್ಪ್ಲೆಂಡರ್ ನಿಲ್ಲುತ್ತವೆ. ಒಂದು 2002ರದು, ಟ್ಯಾಂಕ್ ಮೇಲೆ ಇನ್ನೂ ಹೀರೋ ಹೋಂಡಾ ಅನ್ನೋ ಹೆಸರಿದೆ. ಇನ್ನೊಂದು 2021ರ ಸ್ಪ್ಲೆಂಡರ್ ಪ್ಲಸ್, ಬಿಎಸ್6 ಅನ್ನೋ ಹೊಗೆ ನಿಯಮಕ್ಕೆ ತಕ್ಕ ಗಾಡಿ. ಎರಡರ ನಂಬರ್ ಪ್ಲೇಟ್ ಮೇಲೂ ಕೆಎ 26, ಅಂದರೆ ಗದಗ. ಎರಡೂ ಹೊರುವುದು ಒಂದೇ ಮಾಲು, ಖಡಕ್ ಜೋಳದ ರೊಟ್ಟಿ.

ಮನೆ ಇರುವುದು ಬೆಟಗೇರಿಯಲ್ಲಿ. ಅವ್ವ, ನನ್ನ ಹೆಂಡತಿ, ಓಣಿಯ ಇನ್ನೂ ನಾಲ್ಕು ಮಂದಿ ಹೆಣ್ಮಕ್ಕಳು ಸೇರಿ ರೊಟ್ಟಿ ಬಡಿಯುತ್ತಾರೆ. ವಾರಕ್ಕೆ ಮೂರು ದಿನ ನಾನು ಹುಬ್ಬಳ್ಳಿಯ ಖಾನಾವಳಿಗಳಿಗೆ ಮುಟ್ಟಿಸುತ್ತೇನೆ. ಒಂದು ಸಲಕ್ಕೆ 400 ರೊಟ್ಟಿ. 25ರದೊಂದು ಕಟ್ಟು, ಹದಿನಾರು ಕಟ್ಟು, ಕ್ಯಾರಿಯರ್‌ನ ಎರಡೂ ಬದಿ ಒಂದೊಂದು ಡಬ್ಬಿ. ಹುಲಕೋಟಿ, ಅಣ್ಣಿಗೇರಿ, ಭದ್ರಾಪುರ, ನಲವಡಿ, ಶಿರಗುಪ್ಪಿ ದಾಟಿ ಹುಬ್ಬಳ್ಳಿ ಸೇರಿ, ನಾಲ್ಕು ಕಡೆ ಇಳಿಸಿ ವಾಪಸ್ ಬಂದರೆ ಸುಮಾರು 120 ಕಿಲೋಮೀಟರ್. ರೈಲಿನಲ್ಲೂ ಒಯ್ಯಬಹುದು. ಆದರೆ ಸ್ಟೇಷನ್ನಿನಿಂದ ಮುಂದೆ ಆಟೋ ಹತ್ತಿಸಿ ಇಳಿಸುವಷ್ಟರಲ್ಲಿ ರೊಟ್ಟಿಯೂ ಮುರಿಯುತ್ತದೆ, ದುಡ್ಡೂ ಹೋಗುತ್ತದೆ.

ಹೊಸ ಗಾಡಿ ತಂದ ದಿನದಿಂದ ಎಲ್ಲರದೂ ಒಂದೇ ಪ್ರಶ್ನೆ: 'ಹಳೇದು ಚಲೋನೋ, ಹೊಸದು ಚಲೋನೋ?' ಹಳೇ ಹೀರೋ ಹೋಂಡಾದ ಗಟ್ಟಿತನ ಈಗಿನ ಗಾಡಿಗೆಲ್ಲಿ ಅನ್ನೋರು ಒಂದು ಕಡೆ. ಇಪ್ಪತ್ತು ವರ್ಷದ ಗಾಡಿ ಇಟ್ಟುಕೊಂಡು ಏನು ಮಾಡುತ್ತೀರಿ ಅನ್ನೋರು ಇನ್ನೊಂದು ಕಡೆ. ನನಗೆ ಮಾತಿಗಿಂತ ಲೆಕ್ಕ ಬೇಕಿತ್ತು. ಪೆಟ್ರೋಲ್ ಎಷ್ಟು ಕುಡಿಯುತ್ತದೆ, ರೊಟ್ಟಿ ಎಷ್ಟು ಮುರಿಯುತ್ತವೆ, ಈ ಎರಡೇ.

ಖಡಕ್ ರೊಟ್ಟಿ ಅಂದರೆ ಹಪ್ಪಳದ ಹಾಗೆ. ಅಂಚು ಒಂದು ಕಡೆ ತಾಗಿದರೆ ಸೀಳು ಬಿಡುತ್ತದೆ, ಇನ್ನೊಂದು ಏಟಿಗೆ ಎರಡು ತುಂಡು. ಗಾಡಿ ಎಷ್ಟು ಅದುರುತ್ತದೆ, ಗುಂಡಿಯಲ್ಲಿ ಎಷ್ಟು ಕುಕ್ಕುತ್ತದೆ ಅನ್ನೋದನ್ನ ರೊಟ್ಟಿ ಹೇಳಿದಷ್ಟು ಖರೆ ಯಾರೂ ಹೇಳಲ್ಲ. ಮುರಿದದ್ದನ್ನ ಖಾನಾವಳಿಯವರು ಎಣಿಸಿ ಪಕ್ಕಕ್ಕೆ ಇಡುತ್ತಾರೆ. ಅಷ್ಟರ ದುಡ್ಡು ಕಟ್.

ಮೊದಲ ಹದಿನೈದು ದಿನ ಎರಡನ್ನೂ ಇದ್ದ ಹಾಗೇ ಓಡಿಸಿದೆ. ಒಂದು ಟ್ರಿಪ್ ಹಳೇದು, ಒಂದು ಟ್ರಿಪ್ ಹೊಸದು. ಒಂದೇ ಬಂಕ್, ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ, ಟ್ಯಾಂಕಿನ ಕುತ್ತಿಗೆವರೆಗೆ ಫುಲ್. ಓಡಿಸಿ ಬಂದು ಮತ್ತೆ ಅಲ್ಲೇ ಅದೇ ಮಟ್ಟಕ್ಕೆ ಫುಲ್. ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಕಿಲೋಮೀಟರ್ ಭಾಗಿಸಿದರೆ ಎವರೇಜ್. ಒಂದು ಸಲದ ಲೆಕ್ಕ ನಂಬಬಾರದು. ಎದುರು ಗಾಳಿ ಇದ್ದ ದಿನ ಒಂದು, ಇಲ್ಲದ ದಿನ ಇನ್ನೊಂದು. ಅದಕ್ಕೇ ಸರಾಸರಿ ತೆಗೆದೆ. ಹಳೇದಕ್ಕೆ 52 ಬಂತು, ಹೊಸದಕ್ಕೆ 67. ರೊಟ್ಟಿ ಹಳೇದರಲ್ಲಿ 30ರಿಂದ 35 ಮುರಿದವು, ಹೊಸದರಲ್ಲಿ 11, 12.

ಇಷ್ಟಕ್ಕೇ ನಿಲ್ಲಿಸಿದ್ದರೆ 'ಹೊಸದೇ ಸೈ' ಅಂತ ಹೇಳಿ ಹಳೇದನ್ನ ಮಾರಿಬಿಡುತ್ತಿದ್ದೆ. ಆದರೆ ನಮ್ಮ ಮಿಸ್ತ್ರಿ, ಅಂದರೆ ಗಾಡಿ ರಿಪೇರಿ ಮಾಡುವವ, ಒಂದು ಮಾತು ಅಂದ. 'ಅಣ್ಣಾರ, ನೀವು ಹಳೇ ಮಾಡಲ್‌ಗೆ ಹೊಸ ಮಾಡಲ್ ಹೋಲಸಾಕತ್ತಿಲ್ರಿ. ಸವದ ಗಾಡಿಗೆ ಸವೀಲಾರದ ಗಾಡಿ ಹೋಲಸಾಕತ್ತೀರಿ.'

ಆ ಮಾತು ನನಗೆ ನಾಟಿತು. ಖರೇನೇ ಅಲ್ವಾ? ಎರಡರ ಇಂಜಿನ್ನೂ 97.2 ಸಿಸಿ. ಬೋರ್ 50 ಮಿಲಿಮೀಟರ್, ಸ್ಟ್ರೋಕ್ 49.5. ಎರಡಕ್ಕೂ ನಾಲ್ಕೇ ಗೇರ್. ಸ್ಪ್ಲೆಂಡರ್ ಶುರುವಾದದ್ದು 1994ರಲ್ಲಿ. ಹೀರೋ, ಹೋಂಡಾ ಬೇರೆಯಾಗುವ ಮಾತು ಬಂದದ್ದು 2010ರ ಕೊನೆಗೆ, ಹೀರೋ ಮೋಟೊಕಾರ್ಪ್ ಅಂತ ಹೆಸರು ಬದಲಾದದ್ದು 2011ರಲ್ಲಿ. ಹೆಸರು ಬದಲಾದರೂ ಇಂಜಿನ್ನಿನ ಅಳತೆ ಅದೇ. ಹಾಗಿದ್ದ ಮೇಲೆ 15 ಕಿಲೋಮೀಟರ್ ಫರಕು ಎಲ್ಲಿಂದ ಬಂತು?

ಹಳೇದನ್ನ ಎರಡು ದಿನ ಗ್ಯಾರೇಜಿನಲ್ಲಿ ಬಿಟ್ಟೆ, ನಾನೂ ಪಕ್ಕದಲ್ಲೇ ಕೂತೆ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಬಿಚ್ಚಿದಾಗ ತಳದ ಬಟ್ಟಲಲ್ಲಿ ಕಂದು ಬಣ್ಣದ ಜಿಗುಟು ಕೂತಿತ್ತು. ಪೆಟ್ರೋಲ್ ಹಾಯುವ ಜೆಟ್‌ನ ತೂತಿಗೆ ಮಿಸ್ತ್ರಿ ಗಾಳಿ ಹೊಡೆದು ಬೆಳಕಿಗೆ ಹಿಡಿದು ನೋಡಿದ. ಏರ್ ಫಿಲ್ಟರ್ ಎರೆ ಮಣ್ಣಿನ ಧೂಳಿಗೆ ಕರ್ರಗಾಗಿತ್ತು. ಪ್ಲಗ್ ಹೊಸದು, ವಾಲ್ವಿನ ಸಂದು ಸರಿಮಾಡುವ ಟ್ಯಾಪೆಟ್ ಸೆಟ್ಟಿಂಗ್, ಚೈನು ಮತ್ತು ಎರಡೂ ಹಲ್ಲುಗಾಲಿ ಹೊಸವು. ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ತಾಗಿಕೊಂಡೇ ತಿರುಗುತ್ತಿತ್ತು. ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಿಂದ ತಿರುಗಿಸಿದರೆ ಎರಡು ಸುತ್ತಿಗೇ ನಿಲ್ಲುತ್ತಿತ್ತು. ಸಡಿಲಿಸಿದ ಮೇಲೆ ಆರೇಳು ಸುತ್ತು ತಿರುಗಿತು.

ರೊಟ್ಟಿ ಮುರಿಯುವ ಕಾರಣ ಹಿಂದಿನ ಶಾಕಪ್‌ನಲ್ಲಿ ಸಿಕ್ಕಿತು. ಒಂದರಲ್ಲಿ ಎಣ್ಣೆಯೇ ಇರಲಿಲ್ಲ. ಇನ್ನೊಂದರ ರಬ್ಬರ್ ಬುಷ್ ಸವೆದು ಬೋಲ್ಟು ಅಲುಗಾಡುತ್ತಿತ್ತು. ಹಿಂದಿನ ಟೈರಿನ ಮೇಲಿನ ಗೆರೆಗಳು ಇನ್ನೂ ಇದ್ದರೂ ಟೈರು ಕಟ್ಟಿಗೆಯ ಹಾಗೆ ಬಿರುಸಾಗಿತ್ತು. ಜೋಡಿ ಶಾಕಪ್, ಟೈರು ಎರಡೂ ಬದಲಿಸಿದೆ. ಗಾಳಿಯನ್ನ ಎರಡೂ ಗಾಡಿಗೆ ಲೋಡಿಗೆ ಹೇಳಿದ ಲೆಕ್ಕದಲ್ಲೇ, ಬೆಳಗ್ಗೆ ಟೈರು ತಣ್ಣಗಿದ್ದಾಗ ಹೊಡೆಸಿದೆ.

ಮತ್ತೆ ಹದಿನೈದು ದಿನ ಅದೇ ಓಟ. ಈ ಸಲ ಹಳೇದಕ್ಕೆ 61 ಬಂತು. ಮುರಿದ ರೊಟ್ಟಿ 14ರಿಂದ 16. ಅಂದರೆ 15 ಕಿಲೋಮೀಟರ್ ಫರಕಿನಲ್ಲಿ 9 ಸವಕಳಿಯದು, ರಿಪೇರಿಯಲ್ಲಿ ವಾಪಸ್ ಬಂತು. ಮಾಡಲ್‌ನ ಫರಕು ಅಂತ ನಾನು ಒಪ್ಪುವುದು ಉಳಿದ 6 ಮಾತ್ರ. ಹೊಸ ಗಾಡಿ ತಗೊಂಡು 'ಎಂಥಾ ಎವರೇಜ್' ಅಂತ ಖುಷಿಪಡುವ ಎಷ್ಟೋ ಮಂದಿ ಹಳೇದಕ್ಕೆ ಎರಡು ದಿನ ಗ್ಯಾರೇಜ್ ತೋರಿಸಿರುವುದಿಲ್ಲ.

ಆ 6 ಕಿಲೋಮೀಟರ್ ಎಲ್ಲಿಂದ ಬರುತ್ತದೆ ಅನ್ನೋದನ್ನ ಡಿಸೆಂಬರ್‌ನ ಬೆಳಗಿನ ಐದು ಗಂಟೆಗೆ ನೋಡಬೇಕು. ಹಳೇದಕ್ಕೆ ಚೋಕ್, ಅಂದರೆ ತಣ್ಣನೆ ಇಂಜಿನ್ನಿಗೆ ಪೆಟ್ರೋಲ್ ಪಾಲು ಹೆಚ್ಚಿಸುವ ಹಿಡಿ, ಎಳೆದು ಎರಡು ಮೂರು ಕಿಕ್ ಹೊಡೆಯಬೇಕು. ಹತ್ತಿದ ಮೇಲೂ ಒಂದು ನಿಮಿಷ ಆಕ್ಸಿಲರೇಟರ್ ಹಿಡಿದು ನಿಲ್ಲಬೇಕು. ಚೋಕ್ ವಾಪಸ್ ತಳ್ಳೋದು ಮರೆತರೆ ಅಣ್ಣಿಗೇರಿವರೆಗೂ ಸುಮ್ನೆ ಪೆಟ್ರೋಲ್ ಹಾಳು. ಹೊಸದರಲ್ಲಿ ಚೋಕ್ ಇಲ್ಲ, ಕಾರ್ಬೊರೇಟರೇ ಇಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಫ್ಯೂಯಲ್ ಇಂಜೆಕ್ಷನ್. ಇಂಜಿನ್ ಎಷ್ಟು ಬಿಸಿಯಿದೆ, ಆಕ್ಸಿಲರೇಟರ್ ಎಷ್ಟು ತೆರೆದಿದೆ ಅನ್ನೋದನ್ನ ಸೆನ್ಸರ್‌ಗಳು ಇಸಿಯು ಅನ್ನೋ ಚಿಕ್ಕ ಕಂಪ್ಯೂಟರಿಗೆ ತಿಳಿಸುತ್ತವೆ. ಸೈಲೆನ್ಸರ್ ಕಡೆಯ ಸೆನ್ಸರ್ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ನೋಡುತ್ತದೆ. ಅದರ ಮೇಲೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಅಂತ ಕ್ಷಣಕ್ಷಣಕ್ಕೂ ತೀರ್ಮಾನ. ಕಾರ್ಬೊರೇಟರಿಗೆ ಮಿಸ್ತ್ರಿ ಒಮ್ಮೆ ಸ್ಕ್ರೂ ತಿರುಗಿಸಿ ಬಿಟ್ಟರೆ ಮುಗಿಯಿತು, ಚಳಿಗೂ ಅದೇ, ಬಿಸಿಲಿಗೂ ಅದೇ.

ಹುಬ್ಬಳ್ಳಿ ಒಳಗೆ ಇನ್ನೊಂದಿಷ್ಟು ಉಳಿತಾಯ ಐ3ಎಸ್‌ನಿಂದ. ಚನ್ನಮ್ಮ ಸರ್ಕಲ್‌ನಲ್ಲಿ ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟು ನಿಂತರೆ ಇಂಜಿನ್ ತಾನೇ ಬಂದ್ ಆಗುತ್ತದೆ, ಕ್ಲಚ್ ಹಿಡಿದರೆ ತಾನೇ ಶುರು. ಗದಗ ರಸ್ತೆಯ ಉದ್ದಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ಬ್ರೇಕಿನ ವಿಷಯದಲ್ಲಿ ಹೊಸದಕ್ಕೆ ಪೂರ್ತಿ ಅಂಕ. 2019ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಜೋಡಿ ಬ್ರೇಕ್ ಕಡ್ಡಾಯ. ಕಾಲಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹಿಂದೆ 20 ಕಿಲೋ ರೊಟ್ಟಿ ಇದ್ದಾಗ ಹಳೇ ಗಾಡಿಯ ಹಿಂದಿನ ಚಕ್ರ ಮಳೆಯಲ್ಲಿ ಜಾರಿ ಒಂದು ಬದಿಗೆ ಎಳೆಯುತ್ತಿತ್ತು. ಹೊಸದು ನೆಟ್ಟಗೆ ನಿಲ್ಲುತ್ತದೆ. ಇದೊಂದಕ್ಕೇ ಹೊಸದನ್ನ ಹೆದ್ದಾರಿಗೆ ಇಟ್ಟಿದ್ದೇನೆ.

ಬೆಳಕಿನಲ್ಲೂ ಫರಕಿದೆ. ಹಳೇದರ ಲೈಟು ಇಂಜಿನ್ ನಿಧಾನವಾದಾಗ ಮಂಕಾಗುತ್ತದೆ. ರೋಡ್ ಹಂಪ್ ಹತ್ತಿರ, ಬೆಳಕು ಬೇಕಾದಲ್ಲೇ ಬೆಳಕು ಕಡಿಮೆ. ಹೊಸದಕ್ಕೆ ಲೈಟ್ ಬಂದ್ ಮಾಡುವ ಸ್ವಿಚ್ಚೇ ಇಲ್ಲ, ಹಗಲೂ ಉರಿಯುತ್ತದೆ. ಎದುರು ಬರುವವರು ಇವತ್ತಿಗೂ ಕೈಬೆರಳು ಆಡಿಸಿ 'ಲೈಟ್ ಹತ್ತೇದ್ರಿ' ಅಂತ ತೋರಿಸುತ್ತಾರೆ. ಒಳ್ಳೆ ಮನಸ್ಸಿನ ಮಂದಿ.

ಈಗ ಹೊಸದು ನನಗೆ ಕಲಿಸಿದ್ದನ್ನ ಹೇಳುತ್ತೇನೆ. ಹಳೇ ಗಾಡಿಯಲ್ಲಿ ಇಪ್ಪತ್ತು ವರ್ಷದ ರೂಢಿ ಏನೆಂದರೆ, ಪೆಟ್ರೋಲ್ ಮುಗಿದು ಇಂಜಿನ್ ತೊದಲಿದರೆ ಗಾಡಿ ನಿಲ್ಲಿಸದೆ ಎಡಗೈ ಟ್ಯಾಂಕಿನ ಕೆಳಗೆ ಹಾಕಿ ನಾಬ್ ರಿಸರ್ವ್‌ಗೆ ತಿರುಗಿಸುವುದು. ಶ್ರಾವಣದ ಒಂದು ಸಂಜೆ, ನಲವಡಿ ದಾಟಿದ ಮೇಲೆ ಹೊಸ ಗಾಡಿ ಒಮ್ಮೆ ಮುಗ್ಗರಿಸಿತು. ಎಡಗೈ ತಾನಾಗೇ ಕೆಳಗೆ ಹೋಯಿತು. ಬೆರಳಿಗೆ ಸಿಕ್ಕಿದ್ದು ಬರೀ ಪ್ಲಾಸ್ಟಿಕ್. ಅಲ್ಲಿ ನಾಬ್ ಇಲ್ಲ, ರಿಸರ್ವ್ ಇಲ್ಲ. ಮೀಟರಿನ ಮುಳ್ಳು ಕೆಂಪಿನ ಕೆಳಗೆ ಮಲಗಿತ್ತು, ನಾನು ನೋಡೇ ಇರಲಿಲ್ಲ. ಎಡಕ್ಕೂ ಬಲಕ್ಕೂ ಎರೆ ಹೊಲ, ಹೆಸರು ಬೆಳೆ, ಜಿಟಿಜಿಟಿ ಮಳೆ. ಖಾಲಿ ಡಬ್ಬಿ ಇದ್ದದ್ದೇ ಪುಣ್ಯ. ಒಂದೂವರೆ ಕಿಲೋಮೀಟರ್ ತಳ್ಳಿದ ಮೇಲೆ ಒಬ್ಬ ಟ್ರ್ಯಾಕ್ಟರಿನ ಹುಡುಗ ಬಾಟಲಿಯಲ್ಲಿ ಪೆಟ್ರೋಲ್ ತಂದುಕೊಟ್ಟ. ದುಡ್ಡು ಮಾತ್ರ ತಗೊಂಡ, ಮೇಲೆ ಒಂದು ರೂಪಾಯಿ ಬೇಡ ಅಂದ.

ಮರುದಿನ ಮಿಸ್ತ್ರಿ ಬೈದ. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಕರೆಂಟಿನಿಂದ ತಿರುಗುತ್ತದೆ. ಸುತ್ತಲಿನ ಪೆಟ್ರೋಲೇ ಅದನ್ನ ತಂಪಾಗಿ ಇಡುವುದು. ಪದೇಪದೇ ಖಾಲಿ ಓಡಿಸಿದರೆ ಪಂಪು ಬಿಸಿಯಾಗಿ ಬೇಗ ಸವೆಯುತ್ತದೆ. ಆವತ್ತಿನಿಂದ ಮುಳ್ಳು ಕಾಲು ಭಾಗಕ್ಕೆ ಬಂದರೆ ಬಂಕಿಗೆ ಹೋಗುತ್ತೇನೆ. ಬೆಳಗ್ಗೆ ಕೀ ತಿರುಗಿಸಿ ಒಳಗಿನ ಸಣ್ಣ 'ಉಂ' ಸದ್ದು ಕೇಳಿ ನಿಂತ ಮೇಲೆಯೇ ಸೆಲ್ಫ್ ಒತ್ತುವುದು.

ಬ್ಯಾಟರಿಯದೂ ಅಷ್ಟೇ. ಅಪ್ಪ ಒಮ್ಮೆ ಮೂರು ತಿಂಗಳು ಹಳೇ ಗಾಡಿಯನ್ನ ಬ್ಯಾಟರಿ ಇಲ್ಲದೇ ಓಡಿಸಿದ್ದರು. ಹಾರ್ನ್ ಇಲ್ಲ, ಇಂಡಿಕೇಟರ್ ಇಲ್ಲ, ಆದರೆ ಕಿಕ್ ಹೊಡೆದರೆ ಹತ್ತುತ್ತಿತ್ತು. ಪ್ಲಗ್ಗಿಗೆ ಕಿಡಿ ಇಂಜಿನ್ನಿನ ಮ್ಯಾಗ್ನೆಟ್‌ನಿಂದಲೇ ಬರುತ್ತದೆ. ಹೊಸದರಲ್ಲಿ ಪಂಪು, ಇಂಜೆಕ್ಟರ್, ಇಸಿಯು ಮೂರಕ್ಕೂ ಕರೆಂಟ್ ಬೇಕು. ಅವ್ವನ ಮಂಡಿ ಆಪರೇಷನ್ ಆದಾಗ ಮೂರು ವಾರ ಗಾಡಿ ನಿಂತಿತ್ತು. ಬ್ಯಾಟರಿ ಇಳಿದು ಕಿಕ್ಕಿಗೂ ಜಗ್ಗಲಿಲ್ಲ. ಬೇರೆ ಬ್ಯಾಟರಿ ಜೋಡಿಸಿದ ಮೇಲೆಯೇ ಹತ್ತಿದ್ದು. ಈಗ ಓಡಿಸದಿದ್ದರೂ ವಾರಕ್ಕೆರಡು ಸಲ ಹತ್ತು ಹದಿನೈದು ನಿಮಿಷ ತಿರುಗಾಡಿಸಿ ಬರುತ್ತೇನೆ.

ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟ್ ಬಂತೆಂದರೆ ಸ್ಕ್ರೂಡ್ರೈವರ್ ಕೆಲಸಕ್ಕೆ ಬರಲ್ಲ. ಸ್ಕ್ಯಾನರ್ ಜೋಡಿಸಿ ಕೋಡ್ ಓದಬೇಕು. ನಮ್ಮ ಮಿಸ್ತ್ರಿ ಒಂದು ಸ್ಕ್ಯಾನರ್ ತಂದಿದ್ದಾನೆ, ಆದರೆ ಹಳ್ಳಿ ಕ್ರಾಸಿನ ಗ್ಯಾರೇಜಿನಲ್ಲಿ ಅದು ಸಿಗುವುದು ಕಷ್ಟ. ನೀವು ಊರು ಬಿಟ್ಟು ದೂರದ ಹೊಲಗಳಿಗೇ ಜಾಸ್ತಿ ಓಡಾಡುವವರಾದರೆ ಇದನ್ನ ಮೊದಲೇ ಯೋಚಿಸಿ.

ಹೊಲದ ಮಾತು ಬಂದಾಗ ಎರಡಕ್ಕೂ ಫರಕೇ ಇಲ್ಲ. ಎರೆ ಮಣ್ಣು ಹಸಿಯಾದರೆ ಮಡ್‌ಗಾರ್ಡ್‌ಗೂ ಟೈರಿಗೂ ನಡುವೆ ರೊಟ್ಟಿ ಹಿಟ್ಟಿನ ಹಾಗೆ ತುಂಬಿಕೊಂಡು ಚಕ್ರ ಹಿಡಿದುಬಿಡುತ್ತದೆ. ಹಳೇದಾದರೂ ಅಷ್ಟೇ, ಹೊಸದಾದರೂ ಅಷ್ಟೇ. ಕಡ್ಡಿಯಿಂದ ಕೆದರಿ ತೆಗೆಯಬೇಕು.

ಪೆಟ್ರೋಲಿನಲ್ಲಿ ಈಗ ಎಥನಾಲ್ 20 ಪರ್ಸೆಂಟಿಗೆ ಬಂದಿದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಹಾಗಾಗಿ ಎವರೇಜ್ ಸ್ವಲ್ಪ ಇಳಿಯುವುದು ಎರಡಕ್ಕೂ ಇದ್ದದ್ದೇ. ಹಳೇದರ ಚಿಂತೆ ಬೇರೆ. ಅದರ ರಬ್ಬರ್ ಪೈಪು, ವಾಷರ್‌ಗಳು ಈ ಪೆಟ್ರೋಲಿಗೆಂದು ಮಾಡಿದವಲ್ಲ. ಎಥನಾಲ್ ಗಾಳಿಯ ನೀರನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಹಳೇ ಗಾಡಿ ಹತ್ತು ದಿನಕ್ಕಿಂತ ಜಾಸ್ತಿ ನಿಲ್ಲುವುದಿದ್ದರೆ ನಾಬ್ ಬಂದ್ ಮಾಡಿ, ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಬಟ್ಟಲು ಖಾಲಿ ಮಾಡಿ ಇಡುತ್ತೇನೆ. ಈ ರೂಢಿ ಶುರು ಮಾಡಿದ ಮೇಲೆ ಆ ಕಂದು ಜಿಗುಟು ಮತ್ತೆ ಕಂಡಿಲ್ಲ.

ಈಗ ಹುಬ್ಬಳ್ಳಿಗೆ ಹೊಸದು. ಗಿರಣಿಗೆ ಜೋಳ ಒಯ್ಯಲು, ಅಪ್ಪನಿಗೆ ಹೊಲಕ್ಕೆ ಹೋಗಲು ಹಳೇದು. ಹಳೇದರ ರಿಜಿಸ್ಟ್ರೇಷನ್ 2017ರಲ್ಲಿ ಹದಿನೈದು ವರ್ಷಕ್ಕೆ ಮುಗಿದಾಗ ಐದು ವರ್ಷಕ್ಕೆ ಮಾಡಿಸಿದ್ದೆವು, 2022ರಲ್ಲಿ ಮತ್ತೆ ಐದು ವರ್ಷಕ್ಕೆ. ಮುಂದಿನ ಸರದಿ 2027ಕ್ಕೆ. ಆರ್‌ಟಿಒದಲ್ಲಿ ಗಾಡಿ ನೋಡುವಾಗ ಗಾಡಿಯ ಚೌಕಟ್ಟಿನ ಮೇಲೆ ಕೊರೆದ ಚಾಸಿ ನಂಬರ್ ಓದಲು ಬರಬೇಕು. ನಮ್ಮದರ ಮೇಲೆ ತುಕ್ಕು ಕೂಡಲು ಶುರುವಾಗಿದೆ. ಕಳೆದ ಭಾನುವಾರ ಅಪ್ಪ ಹಳೇ ಸೀರೆಯ ತುಂಡಿಗೆ ಸೀಮೆಎಣ್ಣೆ ಹಚ್ಚಿ ಆ ನಂಬರನ್ನ ಒಂದೊಂದೇ ಅಂಕಿಯಾಗಿ ಒರೆಸುತ್ತಾ ಕೂತಿದ್ದರು.