ಸಿಗ್ನಲ್ ಸಿಗದ ಊರಿನಿಂದ ಟ್ರಾಯ್ ಸಮಾಲೋಚನೆಗೆ ಉತ್ತರ ಬರೆಯುವ ಬಗೆ

ನೆಟ್‌ವರ್ಕ್ ಬೇಕೆಂದು ಮನವಿ ಕೊಡದ ಊರು ಮಲೆನಾಡಿನಲ್ಲಿ ಕಡಿಮೆ. ಗ್ರಾಮಸಭೆಯ ಠರಾವು, ತಹಶೀಲ್ದಾರರಿಗೆ ಅರ್ಜಿ, ಸಂಸದರ ಕೈಗೊಂದು ಪತ್ರ, ಚುನಾವಣೆ ಹತ್ತಿರ ಬಂದರೆ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಬ್ಯಾನರ್. ಇದರಿಂದ ಒಂದು ಟವರ್ ಬಂದರೂ ಬರಬಹುದು. ಆದರೆ ಬಂದ ಟವರ್ ಎಷ್ಟು ಹೊತ್ತು ಸತ್ತಿದ್ದರೆ ಅದನ್ನು ಕಂಪನಿಯ ಲೋಪವೆಂದು ಹಿಡಿಯಬೇಕು ಎನ್ನುವ ನಿಯಮ ತಯಾರಾಗುವುದು ದೆಹಲಿಯಲ್ಲಿ, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದಲ್ಲಿ, ಅಂದರೆ ಟ್ರಾಯ್‌ನಲ್ಲಿ. ಆ ಕಚೇರಿ ಮನವಿ ಕೇಳುವುದಿಲ್ಲ, ಪ್ರಶ್ನೆ ಕೇಳುತ್ತದೆ. ಉತ್ತರ ಯಾರು ಬೇಕಾದರೂ ಬರೆಯಬಹುದು.

1997ರ ಟ್ರಾಯ್ ಕಾಯ್ದೆಯ 11(4)ನೇ ಕಲಂ ಪ್ರಕಾರ ಪ್ರಾಧಿಕಾರ ಪಾರದರ್ಶಕವಾಗಿ ಕೆಲಸ ಮಾಡಬೇಕು. ಹಾಗಾಗಿ ಹೊಸ ನಿಯಮಕ್ಕೆ ಮೊದಲು, ವಿಷಯ ವಿವರಿಸಿ ಪ್ರಶ್ನೆ ಕೇಳುವ ಸಮಾಲೋಚನಾ ಪತ್ರ ಹೊರಬರುತ್ತದೆ. ಅಭಿಪ್ರಾಯಕ್ಕೆ ಸಾಮಾನ್ಯವಾಗಿ ನಾಲ್ಕು ವಾರ, ಬೇರೆಯವರ ಅಭಿಪ್ರಾಯಕ್ಕೆ ಪ್ರತ್ಯುತ್ತರ ಕೊಡಲು ಇನ್ನೆರಡು ವಾರ, ಆಮೇಲೆ ಮುಕ್ತ ಚರ್ಚೆ. ಕಂಪನಿಗಳು ಹೆಚ್ಚು ದಿನ ಕೇಳುತ್ತವೆ, ಗಡುವು ಮುಂದೆ ಹೋಗುವುದೂ ಉಂಟು. ಅದನ್ನು ನಂಬಿ ಕೂರಬೇಡಿ.

ಮೊದಲು ದೂರನ್ನೂ ನೀತಿಯನ್ನೂ ಬೇರೆ ಮಾಡಿಕೊಳ್ಳಿ. ನಿಮ್ಮ ಸಿಮ್ಮಿನ ದೂರನ್ನು ಟ್ರಾಯ್ ಬಗೆಹರಿಸುವುದಿಲ್ಲ. ಅದಕ್ಕೆ 198ಕ್ಕೆ ಕರೆ ಮಾಡಿ ಡಾಕೆಟ್ ನಂಬರ್, ಅಂದರೆ ದೂರಿನ ನೋಂದಣಿ ಸಂಖ್ಯೆ, ಪಡೆಯಬೇಕು; ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಆ ಡಾಕೆಟ್ ನಂಬರುಗಳನ್ನು ಮಾತ್ರ ಬರೆದಿಟ್ಟುಕೊಳ್ಳಿ, ಮುಂದೆ ಪುರಾವೆಗೆ ಬೇಕು.

ಸಮಾಲೋಚನಾ ಪತ್ರ ನೂರಿನ್ನೂರು ಪುಟ ಇದ್ದರೆ ಗಾಬರಿ ಬೇಡ, ಹಿಂದಿನಿಂದ ಓದಿ. ಎಲ್ಲ ಪ್ರಶ್ನೆಗಳನ್ನೂ ಒಟ್ಟಿಗೆ ಕೊಟ್ಟಿರುವ ಅಧ್ಯಾಯ ಕೊನೆಯ ಕಡೆಗೆ ಇರುತ್ತದೆ. ನಿಮಗೆ ಸಂಬಂಧಪಟ್ಟ ಎರಡೋ ಮೂರೋ ಪ್ರಶ್ನೆ ಆರಿಸಿ, ಅವು ಹುಟ್ಟಿದ ಪ್ಯಾರಾಗಳನ್ನಷ್ಟೇ ಹಿಂದಕ್ಕೆ ಹೋಗಿ ಓದಿ. ಎಲ್ಲದಕ್ಕೂ ಉತ್ತರಿಸಲೇಬೇಕೆಂದಿಲ್ಲ. ಸ್ಪೆಕ್ಟ್ರಂ ಹರಾಜಿನ ಬೆಲೆ ಬಗ್ಗೆ ಹೊಸನಗರದ ಹಾಲಿನ ಸೊಸೈಟಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಓದುವಾಗ ಕಣ್ಣಿಡಬೇಕಾದದ್ದು ಲೆಕ್ಕದ ಘಟಕದ ಮೇಲೆ. 2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳನ್ನೇ ನೋಡಿ. ಜಿಲ್ಲೆಯೊಂದರಲ್ಲಿ ಸೇವೆ 24 ಗಂಟೆಗೂ ಹೆಚ್ಚು ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಸಿಗಬೇಕು. ಕೇಳಲು ಚೆನ್ನಾಗಿದೆ. ಆದರೆ ಆಷಾಢದ ಗಾಳಿಮಳೆಗೆ ಮರ ಬಿದ್ದು ಆಗುಂಬೆ ಕಡೆ ಮೂರು ದಿನ ಫೋನ್ ಸತ್ತಿದ್ದರೂ ಶಿವಮೊಗ್ಗ ಪೇಟೆಯಲ್ಲಿ, ಭದ್ರಾವತಿಯಲ್ಲಿ ಸಿಗ್ನಲ್ ಇದ್ದೇ ಇರುತ್ತದೆ. ಘಟಕ ‘ಜಿಲ್ಲೆ’ ಆದ ಕೂಡಲೇ ಮಲೆನಾಡಿನ ಮಳೆಗಾಲ ಲೆಕ್ಕದಿಂದ ಜಾರಿಹೋಯಿತು. ಇಂಥ ಒಂದು ಪದ ಹಿಡಿದು ಬರೆದ ಅರ್ಧ ಪುಟ, ಹತ್ತು ಪುಟದ ಗೋಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಪುರಾವೆ. ‘ಒಂದು ಕಡ್ಡಿ ಬರುತ್ತೆ, ಹೋಗುತ್ತೆ’ ಎಂದು ಬರೆದರೆ ಉಪಯೋಗವಿಲ್ಲ, ಕಡ್ಡಿಯ ಅಳತೆ ಒಂದೊಂದು ಫೋನಿನಲ್ಲಿ ಒಂದೊಂದು ಥರ. ಬೇಕಾದದ್ದು ಡಿಬಿಎಂ ಅಂಕಿ, ಅಂದರೆ ಸಿಗ್ನಲ್ಲಿನ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ‘ಸಿಮ್ ಸ್ಟೇಟಸ್’ ತೆರೆದರೆ ಸಿಗುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಚೆನ್ನಾಗಿದೆ, ಮೈನಸ್ 105 ಹೇಗೋ ಸಾಗುತ್ತದೆ, ಮೈನಸ್ 115 ದಾಟಿದರೆ ಕರೆ ಕಡಿಯದೆ ಉಳಿಯುವುದು ಕಷ್ಟ. ಮೈನಸ್ ಚಿಹ್ನೆ ಬರೆಯುವುದು ಮರೆತು, 115 ದೊಡ್ಡ ಅಂಕಿ, ಹಾಗಾಗಿ ಒಳ್ಳೆಯದು ಎಂದುಕೊಳ್ಳುವವರು ಇದ್ದಾರೆ.

ಒಂದು ನೋಟ್‌ಬುಕ್ ಸಾಕು. ಮೂರು ಜಾಗ ಗೊತ್ತುಮಾಡಿ: ಶಾಲೆ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ಲುವ ಕ್ರಾಸ್. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು, 14 ದಿನ. ಒಟ್ಟು 126 ಸಾಲು. ಪ್ರತಿ ಸಾಲಿನಲ್ಲಿ ತಾರೀಕು, ಗಂಟೆ, ಜಾಗ, ಕಂಪನಿ, ಡಿಬಿಎಂ, ಕರೆ ಹೋಯಿತೋ ಇಲ್ಲವೋ, ಆಗ ಊರಲ್ಲಿ ಕರೆಂಟ್ ಇತ್ತೋ ಇಲ್ಲವೋ. ಈ ಕೊನೆಯ ಕಾಲಂ ಬಿಟ್ಟರೆ ಮಾಡಿದ ಕೆಲಸವೆಲ್ಲ ಅರ್ಧ. ಕರೆಂಟ್ ಇದ್ದಾಗಲೂ ಮೈನಸ್ 118 ಬಂದರೆ ಟವರ್ ದೂರ, ಇಲ್ಲವೇ ನಡುವೆ ಗುಡ್ಡ. ಕರೆಂಟ್ ಇದ್ದಾಗ ಮೈನಸ್ 90 ಇದ್ದು, ಕರೆಂಟ್ ಹೋಗಿ ಎರಡು ಗಂಟೆಯಾಗುವಷ್ಟರಲ್ಲಿ ಸಿಗ್ನಲ್ ಪೂರ್ತಿ ಸತ್ತರೆ ಹೆಚ್ಚಾಗಿ ಟವರಿನ ಬ್ಯಾಟರಿ ದೋಷ. ಮೊದಲನೆಯದು ವ್ಯಾಪ್ತಿಯ ಪ್ರಶ್ನೆ, ಎರಡನೆಯದು ನಿರ್ವಹಣೆಯ ಪ್ರಶ್ನೆ. ಪತ್ರದಲ್ಲಿ ಇವೆರಡೂ ಬೇರೆ ಬೇರೆ ಕಡೆ ಬರುತ್ತವೆ.

ಸ್ಪೀಡ್ ಟೆಸ್ಟ್ ಹಾಕುವುದಾದರೆ ವೈಫೈ ಆಫ್ ಮಾಡಿ. ಎರಡು ಸಿಮ್ ಇದ್ದರೆ ಡೇಟಾ ಯಾವುದರಲ್ಲಿದೆ ನೋಡಿಕೊಳ್ಳಿ. ದಿನದ ಡೇಟಾ ಮುಗಿದ ಮೇಲೆ ಕಂಪನಿಯೇ ವೇಗ ಇಳಿಸಿರುತ್ತದೆ. ಆ ಹೊತ್ತಿನ ಅಂಕಿಯನ್ನು ಪುರಾವೆಯೆಂದು ಕೊಟ್ಟರೆ ಎದುರಿನವರು ಅದೊಂದನ್ನೇ ಎತ್ತಿ ತೋರಿಸಿ ಉಳಿದದ್ದನ್ನೆಲ್ಲ ಬದಿಗೆ ಸರಿಸುತ್ತಾರೆ.

ಬರೆಯುವ ಹೊತ್ತಿಗೆ ಅರ್ಜಿಯ ಕೈ ಬರುತ್ತದೆ: ‘ನಮ್ಮೂರಿನಲ್ಲಿ ನೆಟ್‌ವರ್ಕ್ ಇಲ್ಲದೆ ಸಾರ್ವಜನಿಕರಿಗೆ ಬಹಳ ತೊಂದರೆಯಾಗಿದ್ದು, ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಇದನ್ನು ಪೂರ್ತಿ ಅಳಿಸಿ. ಒಂದು ಮಾದರಿ ನೋಡಿ, ಅಂಕಿಗಳು ನಿಮ್ಮ ನೋಟ್‌ಬುಕ್ಕಿನವು ಆಗಿರಬೇಕು ಅಷ್ಟೆ:

‘ಪ್ರಶ್ನೆ 7 (ಸೇವೆ ಸ್ಥಗಿತವನ್ನು ಜಿಲ್ಲಾ ಮಟ್ಟದಲ್ಲಿ ಅಳೆಯುವುದನ್ನು ಒಪ್ಪುವಿರಾ?): ಒಪ್ಪುವುದಿಲ್ಲ. ಸೇವೆ ಸ್ಥಗಿತವನ್ನು ತಾಲ್ಲೂಕು ಮಟ್ಟದಲ್ಲಿ ಅಳೆಯಬೇಕು. ಮೂರು ಜಾಗಗಳಲ್ಲಿ 14 ದಿನ ಇಟ್ಟ 126 ದಾಖಲೆಗಳ ಪೈಕಿ 41 ಬಾರಿ ಕರೆ ಹೋಗಿಲ್ಲ. ಅದರಲ್ಲಿ 29 ಬಾರಿ ಕರೆಂಟ್ ಇರಲಿಲ್ಲ. ಅದೇ ದಿನಗಳಲ್ಲಿ ಜಿಲ್ಲಾ ಕೇಂದ್ರದಲ್ಲಿ ಸೇವೆ ಇತ್ತು. ಕರಡಿನಲ್ಲಿ “ಜಿಲ್ಲೆ” ಎಂದಿರುವಲ್ಲಿ “ತಾಲ್ಲೂಕು” ಎಂದಾಗಬೇಕು. ದಾಖಲೆ ಅನುಬಂಧ 1ರಲ್ಲಿದೆ.’

ನಿಲುವು, ಕಾರಣ, ಅಳತೆ, ಬದಲಿ ಪದ. ಈ ನಾಲ್ಕರಲ್ಲಿ ಜನ ಬಿಡುವುದು ಕೊನೆಯದನ್ನು. ಕರಡು ತಿದ್ದುವ ಅಧಿಕಾರಿಗೆ ಬೇಕಾದದ್ದು ಅದೇ. ‘ಪ್ರತಿ ಹಳ್ಳಿಗೂ ಲೆಕ್ಕ ಬೇಕು’ ಎಂದೂ ಕೇಳಬಹುದು, ಆದರೆ ಅದನ್ನು ಜಾರಿ ಮಾಡಲಾಗದು ಎಂದು ಪಕ್ಕಕ್ಕಿಡುವುದು ಸುಲಭ. ತಾಲ್ಲೂಕು ಎಂದರೆ ಹಾಗೆ ತಳ್ಳಿಹಾಕಲು ಬರುವುದಿಲ್ಲ.

ಕನ್ನಡದಲ್ಲಿ ಬರೆಯಿರಿ, ಜೊತೆಗೆ ಇಂಗ್ಲಿಷ್ ಅನುವಾದವನ್ನೂ ಇಡಿ. ಅದಿಲ್ಲದೆ ಕಳಿಸಿದರೆ ದೆಹಲಿಯಲ್ಲಿ ಓದುವವರು ಸಿಗದೇ ಹೋದಾರು. ಪತ್ರದ ಮುನ್ನುಡಿಯಲ್ಲಿ ಇರುವ ಇಮೇಲ್ ವಿಳಾಸಕ್ಕೆ ಪಿಡಿಎಫ್, ವರ್ಡ್ ಎರಡನ್ನೂ ಕಳಿಸಿ. ಬಂದ ಅಭಿಪ್ರಾಯಗಳನ್ನು ಟ್ರಾಯ್ ತನ್ನ ಜಾಲತಾಣದಲ್ಲಿ ಹಾಕುತ್ತದೆ ಎನ್ನುವುದು ನೆನಪಿರಲಿ. 2015ರಲ್ಲಿ ನೆಟ್ ನ್ಯೂಟ್ರಾಲಿಟಿ (ಎಲ್ಲ ಜಾಲತಾಣಗಳನ್ನೂ ಕಂಪನಿಗಳು ಸಮಾನವಾಗಿ ಕಾಣಬೇಕೆಂಬ ತತ್ವ) ಚರ್ಚೆಯಾದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರ ಇಮೇಲ್ ವಿಳಾಸ ಹೀಗೆ ಬಹಿರಂಗವಾಗಿತ್ತು. ಹಾಗಾಗಿ ಪಂಚಾಯಿತಿಯ ಅಥವಾ ಸೊಸೈಟಿಯ ಲೆಟರ್‌ಹೆಡ್, ಅದರದೇ ಇಮೇಲ್ ಬಳಸಿ. ಮನೆ ಫೋನ್ ನಂಬರ್, ಆಧಾರ್ ಪ್ರತಿ ಯಾವುದೂ ಬೇಡ.

ಒಂದೇ ಒಕ್ಕಣೆಯನ್ನು ಇಡೀ ಹೋಬಳಿಯಿಂದ ಕಳಿಸುವ ಉತ್ಸಾಹವೂ ಬೇಡ. 2015ರ ಡಿಸೆಂಬರ್‌ನ ದರ ತಾರತಮ್ಯದ (ಒಂದೊಂದು ಜಾಲತಾಣಕ್ಕೆ ಒಂದೊಂದು ಡೇಟಾ ದರ) ಸಮಾಲೋಚನೆಗೆ, ಆಯ್ದ ಕೆಲವು ಜಾಲತಾಣಗಳನ್ನಷ್ಟೇ ಉಚಿತವಾಗಿ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಯೋಜನೆಯನ್ನು ಬೆಂಬಲಿಸಿ ಲಕ್ಷಗಟ್ಟಲೆ ಸಿದ್ಧ ಸಂದೇಶ ಬಂದವು. ಅವು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಅಲ್ಲ ಎಂದಿತು ಟ್ರಾಯ್. 2016ರ ಫೆಬ್ರವರಿ 8ರಂದು ಬಂದ ನಿಯಮ ಅಂಥ ತಾರತಮ್ಯದ ದರವನ್ನೇ ನಿಷೇಧಿಸಿತು.

ಪ್ರತ್ಯುತ್ತರದ ಎರಡು ವಾರವನ್ನು ಊರಿನವರು ಬಿಟ್ಟುಬಿಡುತ್ತಾರೆ, ಕಂಪನಿಗಳು ಬಿಡುವುದಿಲ್ಲ. ರಾಜತಾಂತ್ರಿಕತೆ ಅನ್ನುವುದೇನಾದರೂ ಇದ್ದರೆ ಅದು ಇಲ್ಲಿ. ‘ಗುಡ್ಡಗಾಡಿನಲ್ಲಿ ಖರ್ಚು ಹೆಚ್ಚು, ಅರಣ್ಯ ಇಲಾಖೆಯ ಅನುಮತಿ ತಡ’ ಎಂಬ ವಾದ ಬಂದೇ ಬರುತ್ತದೆ. ಅದರಲ್ಲಿ ನಿಜವಿದೆ, ಮೊದಲ ವಾಕ್ಯದಲ್ಲೇ ಒಪ್ಪಿಕೊಳ್ಳಿ. ಖರ್ಚಿಗೆ ಡಿಜಿಟಲ್ ಭಾರತ್ ನಿಧಿ ಇದೆ. ಹಿಂದಿನ ಸಾರ್ವತ್ರಿಕ ಸೇವಾ ನಿಧಿಗೆ 2023ರ ದೂರಸಂಪರ್ಕ ಕಾಯ್ದೆ ಕೊಟ್ಟ ಹೊಸ ಹೆಸರು ಅದು. ಆಮೇಲೆ ನಿಮ್ಮ ನೋಟ್‌ಬುಕ್ ತೋರಿಸಿ: ನಿಂತಿರುವ ಟವರಿಗೆ ಬ್ಯಾಟರಿ ಹಾಕಲು ಹೊಸದಾಗಿ ಕಾಡಿನ ಜಾಗ ಬೇಕಿಲ್ಲವಲ್ಲ. ಕಂಪನಿಯನ್ನು ಬೈದ ಸಾಲು ಯಾವುದಿದ್ದರೂ ತೆಗೆಯಿರಿ.

ಮುಕ್ತ ಚರ್ಚೆಗೆ ಆನ್‌ಲೈನ್‌ನಲ್ಲಿ ಸೇರುವ ಅವಕಾಶ ಕೊಟ್ಟಿದ್ದರೆ ಮೊದಲೇ ಹೆಸರು ನೋಂದಾಯಿಸಿ. ಎರಡು ನಿಮಿಷದ ಮಾತು ಸಿದ್ಧವಿರಲಿ: ಸಂಸ್ಥೆ, ಪ್ರಶ್ನೆ ಸಂಖ್ಯೆ, ನಿಲುವು, ಒಂದು ಅಂಕಿ. ವಿಡಿಯೋ ಆಫ್ ಇಡಿ. ಬರಿ ಧ್ವನಿಗೆ ಸೆಕೆಂಡಿಗೆ 80 ಕಿಲೋಬಿಟ್ ಸಾಕು, ಗಂಟೆಗೆ ಸುಮಾರು 36 ಎಂಬಿ. ಫೈಬರ್ ಇರುವ ಮನೆಯಲ್ಲಿ ಕರೆಂಟ್ ಹೋದರೆ ಮೊದಲು ಸಾಯುವುದು ರೂಟರ್. ಅದು 12 ವೋಲ್ಟಿನದಾಗಿ 10 ವ್ಯಾಟ್ ಎಳೆಯುವಂಥದ್ದಾದರೆ, 7 ಆಂಪಿಯರ್-ಅವರ್ ಬ್ಯಾಟರಿಯ ಚಿಕ್ಕ ಯುಪಿಎಸ್, ಅರ್ಧ ಚಾರ್ಜನ್ನಷ್ಟೇ ಬಳಸಿದರೂ, ನಾಲ್ಕು ಗಂಟೆ ತಳ್ಳುತ್ತದೆ. ಮಾತಿನ ಸರದಿಗೆ ಮೊದಲೇ ಅದೇ ಮಾತನ್ನು ಚಾಟ್‌ನಲ್ಲಿ ಹಾಕಿಡಿ, ಲೈನ್ ಕಟ್ಟಾದರೂ ಬರೆದದ್ದು ಉಳಿಯುತ್ತದೆ.

ಇದೇ ಪಟ್ಟು ದೇಶದ ಹೊರಗೂ ನಡೆಯುತ್ತದೆ. ಕನ್ನಡ ಲಿಪಿಯ ‘.ಭಾರತ’ ಥರದ ಡೊಮೇನ್ ಹೆಸರುಗಳ (ಜಾಲತಾಣದ ವಿಳಾಸಗಳ) ನಿಯಮ ಚರ್ಚೆಯಾಗುವ ಅಂತರರಾಷ್ಟ್ರೀಯ ಸಂಸ್ಥೆ ಐಕಾನ್ ಸಾರ್ವಜನಿಕ ಅಭಿಪ್ರಾಯಕ್ಕೆ ಸಾಮಾನ್ಯವಾಗಿ 40 ದಿನ ಕೊಡುತ್ತದೆ. ವಿಶ್ವಸಂಸ್ಥೆಯ ಇಂಟರ್ನೆಟ್ ಆಡಳಿತ ವೇದಿಕೆಗೆ ಮನೆಯಿಂದಲೇ ಸೇರಬಹುದು, ಶುಲ್ಕವಿಲ್ಲ. ಸಮಯ ಮಾತ್ರ ಎರಡು ಸಲ ನೋಡಿ: ಆ ವೇದಿಕೆಯ ಕಚೇರಿ ಇರುವ ಜಿನೀವಾ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಅಲ್ಲಿ ಜುಲೈನ ಮಧ್ಯಾಹ್ನ ಮೂರು ಗಂಟೆ ಎಂದರೆ ಇಲ್ಲಿ ಸಂಜೆ ಆರೂವರೆ, ಜಡಿಮಳೆಗೆ ಕರೆಂಟ್ ಹೋಗುವ ಹೊತ್ತು. ಯುಪಿಎಸ್ ಬೆಳಗ್ಗೆಯೇ ಚಾರ್ಜಿಗೆ ಹಾಕಿಡಿ.